ಕನ್ನಡ ಹಾಡುಗಳ ವಾರದ ಪಟ್ಟಿಯನ್ನು ಯಾರಾದರೂ ಬರೆದಿಟ್ಟಿದ್ದೀರಾ?

ರೀಲರ್ ಮನೆಯವನು, ಶಿಡ್ಲಘಟ್ಟ

ನಮ್ಮ ಅಣ್ಣನ ಹಳೆಯ ಲೆಕ್ಕದ ಪುಸ್ತಕ ಒಂದು ಈಗ ನನ್ನ ಬಳಿ ಇದೆ. ಉದ್ದನೆಯ ಹಾಳೆ, ಕೆಂಪು ಬಟ್ಟೆಯ ರಟ್ಟು. ಎಡಪುಟದಲ್ಲಿ ಅಪ್ಪನ ಕೈಬರಹ: ಆ ದಿನ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ದರ ಎಷ್ಟಿತ್ತು, ಎಷ್ಟು ಕಿಲೋ ತಂದೆವು, ನೂಲು ಎಷ್ಟು ಬಂತು, ಯಾವ ಕೆಲಸಗಾರನಿಗೆ ಎಷ್ಟು ಮುಂಗಡ ಹೋಯಿತು. ಬಲಪುಟದಲ್ಲಿ, ಬುಧವಾರಗಳಂದು ಮಾತ್ರ, ಅಣ್ಣನ ಅಕ್ಷರ. ಹದಿನಾರರಿಂದ ಒಂದರವರೆಗೆ ಸಂಖ್ಯೆಗಳು, ಪ್ರತಿ ಸಂಖ್ಯೆಯ ಮುಂದೆ ಹಿಂದಿ ಹಾಡಿನ ಮೊದಲ ಸಾಲು ಕನ್ನಡ ಲಿಪಿಯಲ್ಲಿ. ಹಿಂದಿನ ವಾರಕ್ಕಿಂತ ಮೇಲೇರಿದ ಹಾಡಿಗೆ ಮೇಲ್ಮುಖದ ಬಾಣ, ಕುಸಿದದ್ದಕ್ಕೆ ಕೆಳಮುಖದ್ದು. ಕೆಲವು ಸಂಖ್ಯೆಗಳ ಮುಂದೆ ಹಾಡೇ ಇಲ್ಲ, ‘ಗರಗರ’ ಎಂದಷ್ಟೇ ಇದೆ. ರೇಡಿಯೋದ ಶಾರ್ಟ್ ವೇವ್ ಕೈಕೊಟ್ಟ ಕ್ಷಣಗಳು ಅವು.

ಹಿರಿಯರಿಗೆ ಹೇಳಬೇಕಾಗಿಲ್ಲ, ಅದು ಬಿನಾಕಾ ಗೀತಮಾಲಾ. ಕೊಲಂಬೊದ ರೇಡಿಯೋ ಸಿಲೋನ್‌ನಲ್ಲಿ 1952ರ ಡಿಸೆಂಬರ್ 3ರಂದು ಶುರುವಾಗಿ, ಅಮೀನ್ ಸಯಾನಿಯವರ ದನಿಯಲ್ಲಿ ದಶಕಗಳ ಕಾಲ ನಡೆದ, ಹಿಂದಿ ಚಿತ್ರಗೀತೆಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಕೇಳಿಸುತ್ತಿದ್ದ ಕಾರ್ಯಕ್ರಮ. ಬುಧವಾರ ರಾತ್ರಿ ಎಂಟಕ್ಕೆ ಗೂಡಿನಿಂದ ನೂಲು ತೆಗೆಯುವ ನಮ್ಮ ಬಿಚ್ಚಾಣಿಕೆ ಕೊಠಡಿಯಲ್ಲಿ ಒಲೆ ಆರಿರುತ್ತಿತ್ತು, ಬಾಣಲೆಯ ನೀರು ಇನ್ನೂ ಬೆಚ್ಚಗಿರುತ್ತಿತ್ತು, ಬೆಂದ ಹುಳದ ವಾಸನೆ ಗೋಡೆಗೇ ಅಂಟಿರುತ್ತಿತ್ತು. ಬೆಳಗಿನಿಂದ ಬಿಸಿನೀರಿನಲ್ಲಿ ಬೆರಳಾಡಿಸಿ ಬೆಂಡಾದವರು ಮನೆಗೆ ಹೋಗದೆ ಟ್ರಾನ್ಸಿಸ್ಟರ್ ಸುತ್ತ ಕೂರುತ್ತಿದ್ದರು. ನಮ್ಮಲ್ಲಿ ಅರ್ಧಕ್ಕರ್ಧ ಉರ್ದು ಮನೆಮಾತಿನವರು. ಸಯಾನಿಯವರು ‘ಪಾಯದಾನ್’ ಎಂದು ಒಂದೊಂದೇ ಮೆಟ್ಟಿಲು ಏರುತ್ತಾ ಹೋದರೆ, ತುದಿಗೆ ಯಾವ ಹಾಡು ಬರುತ್ತದೆಂದು ಕೊಠಡಿಯಲ್ಲಿ ವಾದವೇ ನಡೆಯುತ್ತಿತ್ತು. ಒಂದನೆಯ ಹಾಡಿಗೆ ಬಿಗುಲ್ ಮೊಳಗಿದಾಗ ಮಾತ್ರ ಎಲ್ಲರೂ ಗಪ್‌ಚುಪ್.

ಈಗ ನನ್ನ ಪ್ರಶ್ನೆ. ಈ ಪುಸ್ತಕ ತೆರೆದರೆ ಯಾವ ಹಿಂದಿ ಹಾಡು ಯಾವ ವಾರ ನಮ್ಮ ಮನೆಯಲ್ಲಿ ಮೊಳಗಿತು ಎಂದು ಹೇಳಬಲ್ಲೆ. ಗೂಡಿನ ದರ ಬಿದ್ದು ಅಪ್ಪ ಮಾತು ಬಿಟ್ಟಿದ್ದ ವಾರದಲ್ಲಿ ಒಂದನೆಯ ಸ್ಥಾನದಲ್ಲಿದ್ದ ಹಾಡು ಯಾವುದೆಂದೂ ಗೊತ್ತು. ಆದರೆ ನಾನು ಹೆಚ್ಚು ಪ್ರೀತಿಸಿದ್ದು ಕನ್ನಡ ಹಾಡುಗಳನ್ನು. ಅವುಗಳಿಗೆ ನನ್ನ ಬಳಿ ತಾರೀಖೇ ಇಲ್ಲ. ಚಿತ್ರ ಬಿಡುಗಡೆಯಾದ ವರ್ಷ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಹಾಡು ಜನರ ಬಾಯಲ್ಲಿ ಯಾವಾಗ ಏರಿತು, ಎಷ್ಟು ತಿಂಗಳು ನಿಂತಿತು, ಯಾವುದು ಬಂದು ಅದನ್ನು ಬದಿಗೆ ಸರಿಸಿತು ಎನ್ನುವುದು ಎಲ್ಲಿಯೂ ಇಲ್ಲ. ಕನ್ನಡಕ್ಕೆ ಅಂಥದ್ದೊಂದು ವಾರದ ಏಣಿ ಇತ್ತೇ? ಇಲ್ಲದಿದ್ದರೆ ಏಕೆ ಇರಲಿಲ್ಲ? ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಯಾರ ಮನೆಯಲ್ಲಾದರೂ ಇಂಥ ಬರಹ ಉಳಿದಿದೆಯೇ? ಇದನ್ನು ಕಲೆಹಾಕಲೇಬೇಕೆಂದು ನನ್ನ ಆಸೆ.

ನಿವೃತ್ತ ಶಿಕ್ಷಕಿ, ಚಿಂತಾಮಣಿ

ಶಿಡ್ಲಘಟ್ಟದವರೇ, ‘ಗರಗರ’ ಓದಿ ಕಣ್ಣು ತುಂಬಿತು. ನಮ್ಮ ಮನೆಯಲ್ಲೂ ಏರಿಯಲ್ ತಂತಿಯನ್ನು ಹುಣಸೆಮರಕ್ಕೆ ಕಟ್ಟಿದ್ದೆವು.

ಏಕೆ ಇರಲಿಲ್ಲ ಎಂಬುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಗೀತಮಾಲಾ ಹುಟ್ಟಿದ್ದೇ ಆಕಾಶವಾಣಿ ಚಿತ್ರಗೀತೆಗಳಿಗೆ ಬಾಗಿಲು ಹಾಕಿದ್ದ ಕಾಲದಲ್ಲಿ. ಆಗ ಬಿ. ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳು. ಕೇಳುಗರು ಕೊಲಂಬೊ ಕಡೆ ಮುಳ್ಳು ತಿರುಗಿಸಿದರು, ಹಿಂದೆಯೇ ಹಲ್ಲುಪುಡಿ, ಟೂತ್‌ಪೇಸ್ಟ್ ಕಂಪನಿಗಳ ಜಾಹೀರಾತೂ ಅಲ್ಲಿಗೆ ಹೋಯಿತು. ಆಕಾಶವಾಣಿಯದ್ದೇ ಆದ ವಿವಿಧ ಭಾರತಿ ಬಂದದ್ದು 1957ರ ಅಕ್ಟೋಬರ್‌ನಲ್ಲಿ, ಅದಕ್ಕೆ ಜಾಹೀರಾತು ಬಂದದ್ದು 1967ರಲ್ಲಿ. ದೇಶದಾದ್ಯಂತ ಸರಕು ಮಾರುವವನಿಗೆ ದೇಶದಾದ್ಯಂತ ಕೇಳುವ ಭಾಷೆ ಬೇಕಿತ್ತು. ಕನ್ನಡದ ಏಣಿಗೆ ಹಣ ಹಾಕುವವರು ಯಾರು? ಇನ್ನೊಂದು ಮಾತು. ಐವತ್ತರ ದಶಕದಲ್ಲಿ ವರ್ಷಕ್ಕೆ ತೆರೆಕಾಣುತ್ತಿದ್ದ ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು. ವಾರವಾರವೂ ಹದಿನಾರು ಹಾಡು ಏರಿಳಿಯಬೇಕಾದರೆ ಅಷ್ಟು ಹೊಸ ಹಾಡುಗಳೂ ಬೇಕಲ್ಲವೇ?

ನಮಗಿದ್ದದ್ದು ಕೋರಿಕೆ ಕಾರ್ಯಕ್ರಮ. ಅದರಲ್ಲೂ ಒಂದು ಅಳತೆ ಇತ್ತು, ನಾನೂ ತಂಗಿಯೂ ಅದನ್ನೇ ಹಿಡಿದಿದ್ದೆವು: ಹಾಡಿಗೆ ಮುಂಚೆ ಓದುವ ಹೆಸರುಗಳ ಪಟ್ಟಿ. ಕೆಲವು ಹಾಡಿಗೆ ಎರಡು ಊರು, ನಾಲ್ಕು ಹೆಸರು, ಮುಗಿಯಿತು. ಕೆಲವು ಹಾಡಿಗೆ ಉದ್ಘೋಷಕಿ ಉಸಿರು ತೆಗೆದುಕೊಂಡು ಮತ್ತೆ ಮುಂದುವರಿಸಬೇಕಾಗುತ್ತಿತ್ತು. ಬಾಗೇಪಲ್ಲಿಯಿಂದ, ಮಾಲೂರಿನಿಂದ, ಶಿರಾದಿಂದ, ‘ಮತ್ತು ಮನೆಯವರೆಲ್ಲ’. ಪಟ್ಟಿ ಉದ್ದವಾದಷ್ಟೂ ಆ ಹಾಡು ಮೇಲಿದೆ ಎಂದು ನಮ್ಮ ಲೆಕ್ಕ. ಎಂಬತ್ತರ ದಶಕದಲ್ಲಿ ಅಂಚೆ ಕಾರ್ಡಿಗೆ ಹದಿನೈದು ಪೈಸೆ. ಒಂದೇ ಕಾರ್ಡಿನಲ್ಲಿ ಬೀದಿಯ ಹುಡುಗಿಯರ ಹೆಸರನ್ನೆಲ್ಲ ಇರುಕಿಸಿ ಬರೆಯುತ್ತಿದ್ದೆವು. ‘ಚಿಂತಾಮಣಿಯಿಂದ’ ಎಂದು ರೇಡಿಯೋ ಉಚ್ಚರಿಸಿದ ಆ ಸಂಜೆ ನಮ್ಮ ಬೀದಿಯಲ್ಲಿ ಹಬ್ಬ.

ನಿಮ್ಮ ಪಟ್ಟಿಯಲ್ಲಿ ತೆಲುಗು ಹಾಡುಗಳನ್ನು ಬಿಡಬೇಡಿ. ಇಲ್ಲಿ ಕಡಪ ಆಕಾಶವಾಣಿ ಬೆಂಗಳೂರಿನಷ್ಟೇ ಮನೆಮಾತಾಗಿತ್ತು. ನಮ್ಮಮ್ಮ ಗುನುಗುತ್ತಿದ್ದದ್ದು ಅವನ್ನೇ.

ರೆಕಾರ್ಡಿಂಗ್ ಅಂಗಡಿ, ತುಮಕೂರು

ಬರಹ ನನ್ನ ಬಳಿ ಇದೆ. ಪುಸ್ತಕದ ರೂಪದಲ್ಲಿಲ್ಲ, ಚೀಟಿಗಳ ರೂಪದಲ್ಲಿದೆ.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಬಿ. ಎಚ್. ರಸ್ತೆಯ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ ಇತ್ತು. ಎರಡು ಡೆಕ್, ಗೋಡೆ ತುಂಬ ಕ್ಯಾಸೆಟ್. ಗಿರಾಕಿ ಖಾಲಿ ಕ್ಯಾಸೆಟ್ ಕೊಂಡು, ತನಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಿದ್ದ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಆರೇಳು ಹಾಡು ಹಿಡಿಯುತ್ತವೆ. ಜನ ಇಪ್ಪತ್ತು ಬರೆದು ತರುತ್ತಿದ್ದರು. ಕೊನೆಯವು ಹಿಡಿಯದೆ ಉಳಿಯುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಬಿಟ್ಟರೆ ಜೀವ ಹೋಗುತ್ತದೆ ಎನ್ನುವ ಹಾಡು ಚೀಟಿಯ ತಲೆಯಲ್ಲಿ, ಸಿಕ್ಕರೆ ಸಿಗಲಿ ಎನ್ನುವುದು ಬುಡದಲ್ಲಿ. ಅಂಗಡಿಯ ಮುಂದೆ ನಿಂತು ಅಕ್ಕತಂಗಿಯರು ಐದನೆಯದನ್ನು ಮೂರಕ್ಕೆ ತರಬೇಕೋ ಬೇಡವೋ ಎಂದು ಚರ್ಚಿಸಿ, ಹೊಡೆದು ತಿದ್ದಿ ಕೊಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಬೀಡಿ ಕಟ್ಟಿನ ಕಾಗದ, ಲಗ್ನಪತ್ರಿಕೆಯ ಹಿಂಬದಿ, ನೋಟ್ ಪುಸ್ತಕದ ಹಾಳೆ, ಏನು ಬೇಕಾದರೂ ಚೀಟಿಯೇ. ನಾನು ಮೂಲೆಯಲ್ಲಿ ಕೊಡುವ ತಾರೀಖು ಬರೆದು ಕಬ್ಬಿಣದ ಕಡ್ಡಿಗೆ ಚುಚ್ಚಿಡುತ್ತಿದ್ದೆ.

ಹೊಸ ಚಿತ್ರದ ಹಾಡುಗಳು ಮೂರು ನಾಲ್ಕು ತಿಂಗಳು ಪ್ರತಿ ಚೀಟಿಯ ತಲೆಯಲ್ಲಿರುತ್ತಿದ್ದವು, ಆಮೇಲೆ ಮಧ್ಯಕ್ಕೆ ಇಳಿದು ಮರೆಯಾಗುತ್ತಿದ್ದವು. ಆದರೆ ಮೂರನೆಯದೋ ನಾಲ್ಕನೆಯದೋ ಆಗಿ ವರ್ಷಗಟ್ಟಲೆ ಅಲುಗದೆ ಕೂತಿದ್ದ ಹಳೆಯ ಹಾಡುಗಳಿದ್ದವು. ಎಂದೂ ಮೊದಲನೆಯದಾಗಲಿಲ್ಲ, ಎಂದೂ ಕೈಬಿಡಲಿಲ್ಲ. ನನ್ನ ಪ್ರಕಾರ ಕನ್ನಡಿಗರ ನಿಜವಾದ ನೆಚ್ಚಿನ ಹಾಡುಗಳು ಅವೇ. ಒಂದನೆಯ ಸ್ಥಾನವನ್ನಷ್ಟೇ ಹಾಡಿಹೊಗಳುವ ಪಟ್ಟಿ ಅವನ್ನು ಎಂದೂ ತೋರಿಸುವುದಿಲ್ಲ.

ಬಸ್ ಚಾಲಕರ ಚೀಟಿಗಳು ಬೇರೆಯೇ ಜಾತಿ. ಮಧುಗಿರಿ, ಪಾವಗಡ ಕಡೆಯ ಖಾಸಗಿ ಬಸ್ಸಿನವರು ಕನ್ನಡದ ನಡುವೆ ತೆಲುಗು ಹಾಕಿಸಿಕೊಳ್ಳುತ್ತಿದ್ದರು. ರಾತ್ರಿ ಬಸ್ಸಿನವರು ಜೋಗುಳದ ಲಯ ಇರುವುದು ಒಂದೂ ಬೇಡ ಎಂದು ಬಾಯಿಬಿಟ್ಟು ಹೇಳುತ್ತಿದ್ದರು, ನಿದ್ದೆ ಹತ್ತುತ್ತದೆ ಎಂದು.

ಅಂಗಡಿ ಮುಚ್ಚಿದಾಗ ಬಹಳಷ್ಟು ಚೀಟಿ ಒಲೆಗೆ ಹೋದವು. ಎರಡು ದೊಡ್ಡ ಕಟ್ಟು ಅಟ್ಟದಲ್ಲಿ ಉಳಿದಿವೆ.

ಊರಿಗಾಂನವನು, ಕೆಜಿಎಫ್

ಚೀಟಿಗಳ ವಿಷಯ ಓದಿ ಕುರ್ಚಿಯಿಂದ ಎದ್ದು ನಿಂತೆ. ಸರ್, ದಯವಿಟ್ಟು ಅವುಗಳಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳಿ.

ನಮ್ಮ ಗಣಿ ಕಾಲೊನಿಯಲ್ಲಿ ಜನಪ್ರಿಯ ಹಾಡುಗಳ ಇಂಗ್ಲಿಷ್ ಹಿಟ್ ಪೆರೇಡ್‌ಗೂ ಕಿವಿ ಕೊಡುತ್ತಿದ್ದರು. ಪಕ್ಕದ ಆಂಗ್ಲೋ ಇಂಡಿಯನ್ ಮನೆಯ ಕಿಟಕಿಯಿಂದ ಇಂಗ್ಲಿಷ್, ಎದುರು ಸಾಲಿನಿಂದ ತಮಿಳು, ನಮ್ಮ ಮನೆಯಿಂದ ಬೆಂಗಳೂರು ಆಕಾಶವಾಣಿ. ಅದರಿಂದಲೇ ನನಗೆ ಈ ಪಟ್ಟಿಗಳ ಚರಿತ್ರೆಯ ಗೀಳು ಹತ್ತಿತು. ಬ್ರಿಟನ್ನಿನ ಮೊದಲ ರೆಕಾರ್ಡ್ ಮಾರಾಟದ ಪಟ್ಟಿ ಅಚ್ಚಾದದ್ದು 1952ರ ನವೆಂಬರ್ 14ರಂದು. ಪತ್ರಿಕೆಯವರೊಬ್ಬರು ಸುಮಾರು ಇಪ್ಪತ್ತು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಯಾವುದು ಹೆಚ್ಚು ಮಾರಾಟವಾಯಿತೆಂದು ಕೇಳಿ ಬರೆದುಕೊಂಡದ್ದು, ಅಷ್ಟೇ. ಗೀತಮಾಲಾ ಶುರುವಾಗುವುದಕ್ಕೆ ಮೂರು ವಾರವೂ ಇರಲಿಲ್ಲ ನೋಡಿ! ಗೀತಮಾಲಾದವರೂ ಮೊದಲು ಅಂಗಡಿಗಳ ಮಾರಾಟವನ್ನೇ ನಂಬಿದರು. ಆದರೆ ರೆಕಾರ್ಡ್ ಮುಗಿದುಹೋದರೆ ಬೇಡಿಕೆ ಇದ್ದರೂ ಮಾರಾಟ ಸೊನ್ನೆ. ಹಾಗಾಗಿ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಂಡರು.

ಎಣಿಸುವ ಕ್ರಮ ಬದಲಾದರೆ ಪಟ್ಟಿಯೇ ಬದಲಾಗುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1991ರಲ್ಲಿ ಅಂಗಡಿಯವರ ಬಾಯಿಮಾತನ್ನು ಬಿಟ್ಟು ಗಲ್ಲಾಪೆಟ್ಟಿಗೆಯ ಬಾರ್‌ಕೋಡ್ ಲೆಕ್ಕಕ್ಕೆ ಹೊರಳಿತು. ಅಲ್ಲಿಯವರೆಗೆ ಕೆಳಗೇ ಇದ್ದ ಹಳ್ಳಿಗಾಡಿನ ಕಂಟ್ರಿ ಸಂಗೀತವೂ ರ‍್ಯಾಪ್ ಸಂಗೀತವೂ ಒಮ್ಮೆಲೇ ಮೇಲೆ ಬಂದವು. ಅವನ್ನು ಕೊಳ್ಳುವವರು ಮೊದಲೂ ಇದ್ದರು, ಲೆಕ್ಕ ಹೇಳುವವರ ಕಣ್ಣಿಗೆ ಬಿದ್ದಿರಲಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಎಲ್ಲ ಚೀಟಿಗಳನ್ನು ಒಟ್ಟು ಮಾಡಿ ಒಂದೇ ಸಂಖ್ಯೆ ತೆಗೆಯಬೇಡಿ. ಮನೆಯವರದ್ದು ಬೇರೆ, ಬಸ್ಸಿನದ್ದು ಬೇರೆ, ಮದುವೆಗೆ ಮಾಡಿಸಿದ್ದು ಬೇರೆ ಇರಲಿ. ತಲೆಯಲ್ಲಿದ್ದ ಹಾಡಿಗೂ ಬುಡದಲ್ಲಿದ್ದದ್ದಕ್ಕೂ ಒಂದೇ ತೂಕ ಕೊಡಬೇಡಿ.

ಗೌರಿಬಿದನೂರು, ಕಾಲೇಜು

ನನ್ನ ಕಾಲದಲ್ಲಿ ಎಷ್ಟು ಕೋಟಿ ಜನ ನೋಡಿದರು ಎಂಬ ಸಂಖ್ಯೆ ಹಾಡಿನ ಕೆಳಗೇ ಇರುತ್ತದೆ. ಆದರೆ ಯಾರು ಯಾವುದನ್ನು ಹೊಡೆದು ಯಾವುದನ್ನು ಬರೆದರು ಎನ್ನುವುದು ಅದರಲ್ಲಿ ಇರುವುದಿಲ್ಲ. ಚೀಟಿಗಳ ಫೋಟೊ ತೆಗೆದು ತಾರೀಖಿನ ಪ್ರಕಾರ ಜೋಡಿಸುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ. ಹಳೆಯ ಕೈಬರಹ ಓದಲು ಮಾತ್ರ ಯಾರಾದರೂ ಹಿರಿಯರು ಜೊತೆಗಿರಬೇಕು.

ರೀಲರ್ ಮನೆಯವನು, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಮೇಡಂ, ಹೆಸರಿನ ಪಟ್ಟಿಯ ಉದ್ದದಿಂದ ಹಾಡನ್ನು ಅಳೆಯುವುದು ನಮಗೆ ಹೊಳೆದೇ ಇರಲಿಲ್ಲ. ನೀವೂ ತಂಗಿಯವರೂ ಅದನ್ನು ಎಲ್ಲಾದರೂ ಬರೆದಿಟ್ಟಿದ್ದರೆ ಹುಡುಕಿ ನೋಡಿ. ತೆಲುಗು ಹಾಡುಗಳನ್ನು ಖಂಡಿತ ಬಿಡುವುದಿಲ್ಲ.

ಕೆಜಿಎಫ್‌ನವರ ಮಾತನ್ನು ಹಾಗೆಯೇ ಒಪ್ಪುತ್ತೇನೆ. ನನಗೆ ಒಂದನೆಯ ಹಾಡು ಯಾವುದೆಂಬ ತೀರ್ಪು ಬೇಕಿಲ್ಲ. ತಿಂಗಳಿಗೊಂದು ಪುಟ ಇರಲಿ. ತುಮಕೂರಿನವರು ಹೇಳಿದ ಆ ಮೂರನೆಯ, ನಾಲ್ಕನೆಯ ಸ್ಥಾನದ ಹಾಡುಗಳು ಯಾವುವು, ಎಷ್ಟು ವರ್ಷ ಕೂತಿದ್ದವು ಎನ್ನುವುದೇ ಈಗ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅಣ್ಣನಿಗೆ ನಿನ್ನೆ ಫೋನ್ ಮಾಡಿ ಓದಿ ಹೇಳಿದೆ. ಅವನ ವಾದವೇ ಬೇರೆ: ಹಾಗೆ ಅಲುಗದೆ ನಿಲ್ಲುವ ಹಾಡಿನಲ್ಲಿ ಪಲ್ಲವಿಗಿಂತ ಚರಣ ಚೆನ್ನಾಗಿರುತ್ತದಂತೆ, ಒಮ್ಮೆ ಕೇಳಿದರೆ ತೀರುವುದಿಲ್ಲವಂತೆ. ಚೀಟಿಗಳನ್ನು ನೋಡಿದ ಮೇಲೆ ಅದನ್ನೂ ಪರೀಕ್ಷಿಸಬಹುದು.

ತುಮಕೂರಿನ ಸರ್, ನೀವು ಒಪ್ಪಿದರೆ ಮುಂದಿನ ಭಾನುವಾರ ಬರುತ್ತೇವೆ. ಗೌರಿಬಿದನೂರಿನ ಮೇಲೆ ಬಂದು ಆ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ. ಚೀಟಿಗಳು ನಿಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗುವುದು ಬೇಡ, ಅಲ್ಲೇ ಫೋಟೊ ತೆಗೆಯೋಣ.

ರೆಕಾರ್ಡಿಂಗ್ ಅಂಗಡಿ, ತುಮಕೂರು

ಧಾರಾಳವಾಗಿ ಬನ್ನಿ, ಊಟ ನಮ್ಮಲ್ಲೇ. ಶಿರಾ ಗೇಟ್ ಹತ್ತಿರ ಇಳಿದು ಫೋನ್ ಮಾಡಿದರೆ ಮಗ ಬರುತ್ತಾನೆ. ಅಷ್ಟರೊಳಗೆ ಕಟ್ಟು ಬಿಚ್ಚಿ ಬಸ್ಸಿನವರ ಚೀಟಿಗಳನ್ನು ಬೇರೆ ಮಾಡಿಟ್ಟಿರುತ್ತೇನೆ. ಅವರ ಕೈಬರಹ ನನಗೆ ಇನ್ನೂ ಗುರುತಿದೆ. ಅಣ್ಣನವರ ಪುಸ್ತಕವನ್ನು ಮರೆಯದೆ ತನ್ನಿ.