ಸಹಾಯ ಬೇಕು: 9ನೇ ತರಗತಿಯ ಸಂವಾದಕ್ಕೆ ಮೊಹರಂ ಕುರಿತ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಗೆ 40 ನಿಮಿಷದ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ವಿಷಯ ಉತ್ತರ ಕರ್ನಾಟಕದ ಮೊಹರಂ. ಮುಸ್ಲಿಂ ಮನೆಗಳಿಲ್ಲದ ಕೆಲವು ಹಳ್ಳಿಗಳಲ್ಲೂ ಪಂಜಾ (ಲೋಹದ ಹಸ್ತದ ಸಂಕೇತ) ಕೂರಿಸುತ್ತಾರೆ, ರಿವಾಯತ್ ಪದ (ಮೊಹರಂನ ಕಥನಗೀತೆ) ಹಾಡುತ್ತಾರೆ, ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿ) ಸುತ್ತ ಕುಣಿಯುತ್ತಾರೆ. ಇತ್ತ, ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನ್ ಕರ್ಬಲಾದಲ್ಲಿ ಹತರಾದ ಶೋಕದ ದಿನಕ್ಕೆ ಕುಣಿತ ಸಲ್ಲದು ಎನ್ನುವ ಮುಸ್ಲಿಮರೂ ಇದ್ದಾರೆ. ಒಂದು ಧರ್ಮದೊಳಗೇ ಭಿನ್ನ ದನಿಗಳಿವೆ ಎಂದು ಮಕ್ಕಳಿಗೆ ಕಾಣಲಿ ಎಂದೇ ಇದನ್ನು ಆರಿಸಿದ್ದು.

ಐದೈದು ಮಕ್ಕಳ ಗುಂಪು. ಒಬ್ಬರು 2 ನಿಮಿಷ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಪಕ್ಕದವರು ಕೇಳಿದ್ದನ್ನು ತಮ್ಮ ಮಾತಲ್ಲಿ ಹೇಳಬೇಕು. ಮೊದಲು ಮಾತಾಡಿದವರು ‘ಹೌದು, ನಾನು ಹೇಳಿದ್ದು ಅದೇ’ ಎಂದ ಮೇಲೆಯೇ ಅವರಿಗೆ ಒಂದು ಪ್ರಶ್ನೆ. ತಲಾ 4 ನಿಮಿಷದಂತೆ ಒಂದು ಸುತ್ತಿಗೆ 20 ನಿಮಿಷ. ಉಳಿದದ್ದು ಪೀಠಿಕೆಗೆ, ಇಡೀ ತರಗತಿಯ ಚರ್ಚೆಗೆ, ಬರವಣಿಗೆಗೆ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ತರಗತಿಯಲ್ಲಿರುವ ಒಬ್ಬಳೇ ಮುಸ್ಲಿಂ ಹುಡುಗಿಯತ್ತ ತಿರುಗಿ ‘ನಿಮ್ಮಲ್ಲಿ ಹೇಗಮ್ಮಾ?’ ಎಂದರೆ ಇಡೀ ಸಮುದಾಯದ ಹೊರೆ ಅವಳ ತಲೆಗೆ. ಇನ್ನೊಂದು, ಮೇಷ್ಟ್ರೇ ಅವಸರಪಟ್ಟು ‘ಎಲ್ಲ ಧರ್ಮವೂ ಒಂದೇ’ ಎಂದುಬಿಡುವುದು. ಆಮೇಲೆ ಕೇಳಲು ಏನು ಉಳಿಯಿತು? ಪ್ರಾರ್ಥನೆ ಹೇಳಿಸುವುದಂತೂ ಬೇಡ. ಸಂವಿಧಾನದ 28(1)ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು.

ಬೇಕಾದದ್ದು: ‘ನಿಮ್ಮೂರಲ್ಲಿ ಅಲಾಯಿ ಕುಣಿಗೆ ಸೌದೆ ಯಾರು ತರುತ್ತಾರೆ?’ ಎಂಬಂಥ, ನೋಡಿದ್ದನ್ನು ಹೇಳಿಸುವ ಹತ್ತು ಪ್ರಶ್ನೆಗಳು. ಜೊತೆಗೆ, ವಾಟ್ಸ್ಯಾಪ್‌ನಲ್ಲಿ ಬಂದ ಕುಹಕವನ್ನು ಮಗು ಹಾಗೇ ಒಪ್ಪಿಸಿದಾಗ ಗದರದೆ ಏನು ಕೇಳುತ್ತೀರಿ? ತರಗತಿಯಲ್ಲಿ ಬಳಸಿದ ವಾಕ್ಯವನ್ನೇ ಬರೆಯಿರಿ. ಪಾಲಕರಿಗೆ ಕಳಿಸುವ ಪತ್ರದ ಮಾದರಿ ಇದ್ದರೆ ಅದೂ ಬೇಕು.