ಮೂರು ಗುಂಡಿ, ಒಂದು ಕೋಟು, ಬಾಕಿ 39 ಡಾಲರ್ 94 ಸೆಂಟ್

"ಏಟು ತಿಂದವನಿಗೇ ಲಾಭ ಬಂತು ಅಂದ್ರೆ ನಾನು ಒಪ್ಪಲ್ಲ" ಅಂತ ಸುಬ್ಬು ಲೋಟ ಕುಕ್ಕಿದ. ಲೆಕ್ಕ ತಪಾಸಣೆಯವನು. ಕಾಸಿಗೆ ಕಾಸು ತಾಳೆಯಾಗದಿದ್ದರೆ ಅವನಿಗೆ ಕಾಫಿಯೂ ಇಳಿಯೋದಿಲ್ಲ.

"ಒಪ್ಪಬೇಡ, ಕೂಡಿ ಕಳೆದು ನೋಡು" ಅಂದರು ವಿಮಲಕ್ಕ. "1836ರ ಮೇ ತಿಂಗಳು, ನ್ಯೂಯಾರ್ಕಿನ ವಾಲ್ ಸ್ಟ್ರೀಟ್. ಹೆರಾಲ್ಡ್ ಸಂಪಾದಕ ಜೇಮ್ಸ್ ಗಾರ್ಡನ್ ಬೆನೆಟ್ ಸುದ್ದಿ ಹೆಕ್ಕುತ್ತಾ ಹೊರಟಿದ್ದಾನೆ. ಕೊರಿಯರ್ ಅಂಡ್ ಎನ್‌ಕ್ವೈರರ್ ಪತ್ರಿಕೆಯ ಜೇಮ್ಸ್ ವಾಟ್ಸನ್ ವೆಬ್ ಎದುರಾದ, ಏನೋ ಗೊಣಗಿದ, ದಲ್ಲಾಳಿ ಆಫೀಸೊಂದರ ಕಲ್ಲು ಮೆಟ್ಟಿಲಿಂದ ಕೆಳಕ್ಕೆ ದಬ್ಬಿ ಮೇಲೆ ಬಿದ್ದ. ಬೇರೆಯವನಾಗಿದ್ರೆ ಪೊಲೀಸರಿಗೆ ದೂರು ಕೊಡ್ತಿದ್ದ. ಇವನು ಪತ್ರಿಕೆಯಲ್ಲಿ ಜಮಾ-ಖರ್ಚು ಬರೆದ. ತನ್ನ ನಷ್ಟ: ಕಬ್ಬಿಣದ ಕಟಾಂಜನ ತಗುಲಿ ಎಡಗೈ ಮೂರನೇ ಬೆರಳಲ್ಲಿ ಮುಕ್ಕಾಲು ಅಂಗುಲ ತರಚು ಗಾಯ, ವೇಸ್ಟ್‌ಕೋಟಿನ ಮೂರು ಗುಂಡಿ. ಗುಂಡೀನ ಯಾವ ದರ್ಜಿಯಾದ್ರೂ ಆರು ಪೆನ್ಸಿಗೆ ಹಾಕಿಕೊಡ್ತಾನೆ. ವೆಬ್ಬನ ನಷ್ಟ: ಮೇಲಿಂದ ಕೆಳಗೆ ಹರಿದ 40 ಡಾಲರಿನ ಕರೀ ಕೋಟು, ಮುಖಕ್ಕೊಂದು ಗುದ್ದು; ಒಂದೆರಡು ಹಲ್ಲು ಗಂಟಲಿಗಿಳಿದಿದ್ರೂ ಇಳಿದಿರಬಹುದು. ತನ್ನ ಪರ ಬಾಕಿ 39 ಡಾಲರ್ 94 ಸೆಂಟ್ ಅಂದ."

"ಹಲ್ಲಿಗೆ ಬೆಲೆ ಕಟ್ಟಿಲ್ಲ?"

"ಇಲ್ಲ."

"ತಪ್ಪು. ಇನ್ನೊಂದು ತಪ್ಪೂ ಇದೆ. ಆಗ ನ್ಯೂಯಾರ್ಕಲ್ಲಿ ಆರು ಪೆನ್ಸ್ ಅಂತಿದ್ದದ್ದು ಸ್ಪ್ಯಾನಿಷ್ ಅರ್ಧ ರಿಯಲ್ ನಾಣ್ಯಕ್ಕೆ. ಎಂಟು ರಿಯಲ್‌ಗೆ ಒಂದು ಡಾಲರ್. ಅಂದ್ರೆ ಆರೂಕಾಲು ಸೆಂಟ್. ಬಾಕಿ ತೊಂಬತ್ತಮೂರೂ ಮುಕ್ಕಾಲು ಸೆಂಟ್ ಬರಬೇಕು, ಕಾಲು ಸೆಂಟ್ ನುಂಗಿದ್ದಾನೆ! ಅದೂ ಹೋಗ್ಲಿ, ಎದುರಾಳಿ ಕೋಟು ಹರಿದ್ರೆ ನಿನ್ನ ಪೆಟ್ಟಿಗೆಗೆ ದುಡ್ಡು ಹೇಗೆ ಬಂತಯ್ಯಾ?"

"ಬಂತಪ್ಪಾ" ಅಂದರು ರಾಮಣ್ಣ. ಅಚ್ಚುಮೊಳೆ ಕಾಲದ ಮನುಷ್ಯ. ಮಾತೂ ಒಂದೊಂದೇ ಮೊಳೆ ಜೋಡಿಸಿದ ಹಾಗೆ ಬರುತ್ತೆ. "ಬರೋ ದಾರಿ ಮೊದಲು ತಿಳ್ಕೋ. ದೊಡ್ಡ ಪತ್ರಿಕೆಗಳೆಲ್ಲ ಆರು ಸೆಂಟಿನವು. ವರ್ಷಕ್ಕೆ 10 ಡಾಲರ್ ಚಂದಾ, ವರ್ತಕರೇ ಗಿರಾಕಿ, ಅರ್ಧ ಸಾಲದ ವ್ಯಾಪಾರ. 1833ರ ಸೆಪ್ಟೆಂಬರಲ್ಲಿ ಬೆಂಜಮಿನ್ ಡೇ ಸನ್ ಅನ್ನೋ ಪತ್ರಿಕೇನ ಒಂದೇ ಸೆಂಟಿಗೆ ತಂದ. ಬೀದಿ ಹುಡುಗರಿಗೆ ಸಗಟು ದರ: ನಗದಾದ್ರೆ 100 ಪ್ರತಿಗೆ 67 ಸೆಂಟ್, ಸಾಲ ಆದ್ರೆ 75. ನಗದು ಕೊಟ್ಟ ಹುಡುಗನಿಗೆ ನೂರಕ್ಕೆ ಎಷ್ಟು ಉಳೀತು?"

"ಮೂವತ್ತಮೂರು."

"ಎಲ್ಲ ಮಾರಿದ್ರೆ! ಉಳಿದ ಪ್ರತಿ ವಾಪಸಿಲ್ಲ. ಮೂವತ್ತಮೂರು ಉಳಿದ್ರೆ ಲಾಭ ಪೂರ್ತಿ ಮಣ್ಣು, ಮೂವತ್ತನಾಲ್ಕು ಉಳಿದ್ರೆ ಕೈಯಿಂದ ಹೋಯ್ತು. ಅದಕ್ಕೇ ಹುಡುಗ ಗಂಟಲು ಹರಕೊಳ್ಳೋನು. ಕೂಗೋಕೆ ಅವನಿಗೆ ಏನಾದ್ರೂ ಬೇಕಲ್ಲ? ಸುಂಕದ ಮಸೂದೆ ಅಂತ ಕೂಗಿದ್ರೆ ನಾಯೀನೂ ತಿರುಗಿ ನೋಡಲ್ಲ. ಸಂಪಾದಕರಿಗೆ ಬೀದೀಲಿ ಒದೆ ಅಂತ ಕೂಗಿ ನೋಡು!"

ಸುಬ್ಬು ಪೆನ್ನು ತೆಗೆದು ಪೇಪರ್ ನ್ಯಾಪ್‌ಕಿನ್ ಮೇಲೆ ಏನೋ ಗೀಚಿದ. "ಬಂಡವಾಳ?"

"500 ಡಾಲರ್. ಬೆನೆಟ್ ಹೆರಾಲ್ಡನ್ನೂ ಇದೇ ದಾರೀಲಿ ಶುರು ಮಾಡಿದ. 1835ರ ಮೇ 6, ವಾಲ್ ಸ್ಟ್ರೀಟಿನ ಒಂದು ನೆಲಮಾಳಿಗೆ. ಎರಡು ಹಿಟ್ಟಿನ ಪೀಪಾಯಿ, ಅದರ ಮೇಲೊಂದು ಹಲಗೆ. ಅದೇ ಸಂಪಾದಕರ ಮೇಜು, ಜಾಹೀರಾತು ವಿಭಾಗ, ವಸೂಲಿ ಕೌಂಟರ್. ಬರೆಯೋನೂ ಅವನೇ, ಪ್ರತಿ ಎಣಿಸಿ ಕೊಡೋನೂ ಅವನೇ. ಮೂರು ತಿಂಗಳಿಗೆ ಆನ್ ಸ್ಟ್ರೀಟಲ್ಲಿ ಬೆಂಕಿ ಬಿದ್ದು ಅವನ ಅಚ್ಚುಕೂಟ ಭಸ್ಮ. ಪತ್ರಿಕೆ ನಿಂತ್ಹೋಯ್ತು. ಆಗಸ್ಟ್ ಕೊನೆ ಹೊತ್ತಿಗೆ ಮತ್ತೆ ಶುರು."

"ಅಷ್ಟಕ್ಕೂ ವೆಬ್ಬನಿಗೆ ಯಾಕೆ ಉರಿ?"

"ಬೆನೆಟ್ ಹಿಂದೆ ಅವನ ಪತ್ರಿಕೆಯಲ್ಲೇ ಸಹಸಂಪಾದಕ" ಅಂದರು ವಿಮಲಕ್ಕ. "1832ರಲ್ಲಿ ಬಿಟ್ಟು ಬಂದ. ಹಳೇ ಅಡುಗೆಭಟ್ಟ ಎದುರು ಬೀದೀಲಿ ಹೋಟೆಲ್ ಹಾಕಿ, ಇವರ ಸಾಂಬಾರಿನ ಗುಟ್ಟು ಬೋರ್ಡಿನ ಮೇಲೆ ಬರೆದ ಹಾಗೆ. ವೆಬ್ ಷೇರು ವ್ಯವಹಾರದಲ್ಲಿ ಕೈಯಾಡಿಸ್ತಾನೆ ಅಂತ ಹೆರಾಲ್ಡಲ್ಲಿ ಹಾಕಿದ. 1836ರ ಜನವರಿಯಲ್ಲಿ ತಲೆಗೆ ಮೊದಲನೇ ಏಟು ಬಿತ್ತು, ಒಂದೂವರೆ ಅಂಗುಲದ ಗಾಯ. ಅದಕ್ಕೆ ಬೆನೆಟ್ ಕೊಟ್ಟ ವಿವರಣೆ: ಪಾಪ, ಅವನ ಬುರುಡೆ ಖಾಲಿ. ನನ್ನ ತಲೆ ಒಡೆದು ಅದರೊಳಗಿನ ಹಾಸ್ಯಾನ ಅದಕ್ಕೆ ಸುರಿದುಕೊಳ್ಳೋಣ ಅಂತ ಬಂದಿದ್ದ."

"ವೆಬ್ಬನದು ಬರೀ ಬೆತ್ತದ ಕೆಲಸ ಅನ್ಕೋಬೇಡ" ಅಂತ ರಾಮಣ್ಣ ಸೇರಿಸಿದರು. "1838ರಲ್ಲಿ ಅವನದೊಂದು ಚೀಟಿ ಹಿಡ್ಕೊಂಡು ಗ್ರೇವ್ಸ್ ಅನ್ನೋ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತಿನ ಸದಸ್ಯ ಇನ್ನೊಬ್ಬ ಸದಸ್ಯ ಸಿಲ್ಲೀ ಹತ್ರ ಹೋದ. ಆತ ತಗೊಳ್ಳಲಿಲ್ಲ. ತಗೊಳ್ಳದೇ ಇದ್ದದ್ದೇ ಅವಮಾನ ಅಂತ ಬಂದೂಕಿನ ದ್ವಂದ್ವ, ಮೂರನೇ ಸುತ್ತಿಗೆ ಸಿಲ್ಲೀ ಸತ್ತ. ಚೀಟಿ ಬರೆದೋನು ನ್ಯೂಯಾರ್ಕಲ್ಲಿ ಹಾಯಾಗಿದ್ದ. 1842ರಲ್ಲಿ ತಾನೇ ದ್ವಂದ್ವಕ್ಕೆ ಹೋಗಿ ಕಾಲಿಗೆ ಗುಂಡು ತಿಂದ, ಜೈಲು ಶಿಕ್ಷೆಯಾಯ್ತು. ಗವರ್ನರ್ ಸೀವರ್ಡ್ ಕ್ಷಮೆ ಕೊಟ್ಟು ಬಿಡಿಸಿದ."

"ಅಂಥವನ ಕೈಗೆ ಸಿಕ್ಕಿ ಮೂರು ಗುಂಡೀಲಿ ಪಾರಾದ್ನಾ? ಹಾಗಾದ್ರೆ ಲಾಭವೇ ಬಿಡಿ."

ವಿಮಲಕ್ಕ ನಕ್ಕರು. "ಏಟೊಂದೇ ಬಂಡವಾಳ ಅಲ್ಲ. 1836ರ ಏಪ್ರಿಲ್‌ನಲ್ಲಿ ಹೆಲೆನ್ ಜ್ಯೂಯೆಟ್ ಅನ್ನೋ ಹೆಣ್ಣುಮಗಳ ಕೊಲೆಯಾಯ್ತು, ವೇಶ್ಯಾಗೃಹದಲ್ಲಿ. ದೊಡ್ಡ ಪತ್ರಿಕೆಗಳು ಮೂಗು ಮುಚ್ಕೊಂಡ್ವು. ಇವನು ನೇರ ಆ ಮನೆಗೆ ನುಗ್ಗಿ, ಹೆಣ ನೋಡಿ, ಮನೆ ಒಡತಿ ಜೊತೆಗಿನ ಮಾತುಕತೇನ ಪ್ರಶ್ನೋತ್ತರವಾಗಿ ಅಚ್ಚು ಹಾಕಿದ. ಸನ್ ಪತ್ರಿಕೆ ಅದು ಕಟ್ಟುಕತೆ ಅಂತು. ಆ ಹೆಣ್ಣಿನ ಸಾವನ್ನ ಅವನು ಸರಕು ಮಾಡಿದ್ದು ನನಗಂತೂ ಹಿಡಿಸೋದಿಲ್ಲ. ಆದ್ರೆ ವರದಿಗಾರ ಜಾಗಕ್ಕೆ ಹೋಗಿ ಕಣ್ಣಾರೆ ನೋಡಬೇಕು ಅನ್ನೋ ರೂಢಿಗೆ ಅವನದೂ ಒಂದು ಪಾಲಿದೆ."

"1840ರದ್ದು ಹೇಳಿ, ಲಂಗದ್ದು!" ಅಂತ ರಾಮಣ್ಣ ನೆನಪಿಸಿದರು.

"ಹೂಂ. ಆಗಿನ ಮರ್ಯಾದಸ್ಥರು ಕಾಲು ಅನ್ನೋ ಪದಾನೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ಬೆನೆಟ್ ಪೆಟಿಕೋಟ್ ಅಂತ ಬರೆದದ್ದಕ್ಕೆ ಗುಲ್ಲೆದ್ದಿತು. ಅವನು ಪೆಟಿಕೋಟ್, ಪೆಟಿಕೋಟ್, ಪೆಟಿಕೋಟ್ ಅಂತ ಸಾಲಾಗಿ ಅಚ್ಚು ಹಾಕಿ, ತಗೊಳ್ಳಿ ಮೂರ್ಖರಾ ಅಂದ. ಊರಿನ ಹಲವು ಪತ್ರಿಕೆಗಳು ಸೇರಿ ಧರ್ಮಯುದ್ಧ ಸಾರಿದ್ವು: ಹೆರಾಲ್ಡ್ ಓದೋರನ್ನ, ಅದಕ್ಕೆ ಜಾಹೀರಾತು ಕೊಡೋರನ್ನ ಬಹಿಷ್ಕರಿಸಿ ಅಂತ. ಪ್ರಸಾರ ಇಳಿದದ್ದು ನಿಜ. ಅದೇ ಗದ್ದಲದಲ್ಲಿ ಇವನು ಏನು ಮಾಡಿದ ಹೇಳು?"

"ಕ್ಷಮೆ ಕೇಳಿದ?"

"ಮದುವೆಯಾದ! ಜೂನ್ 1ರ ಸಂಚಿಕೆಯಲ್ಲಿ ತನ್ನ ಮದುವೆ ಸುದ್ದಿ ತಾನೇ ಹಾಕ್ಕೊಂಡ. ಹವಾ ಇಷ್ಟು ಚೆನ್ನಾಗಿದೆ, ಇನ್ನು ತಡೆಯೋಕಾಗಲ್ಲ ಅನ್ನೋ ಧಾಟೀಲಿ."

"ಜಾಹೀರಾತು ದರ ಇಲ್ಲದೇ?" ಸುಬ್ಬುವಿಗೆ ಅದೇ ಚಿಂತೆ.

"ಅಲ್ಲಿಗೇ ಬಂದೆ" ಅಂತ ರಾಮಣ್ಣ ಕುರ್ಚಿ ಮುಂದೆಳೆದುಕೊಂಡರು. "1840ರ ದಶಕದ ಕೊನೇಲಿ ಜಾಹೀರಾತಿಗೆ ಒಂದು ಕಟ್ಟಳೆ ತಂದ. ಎಲ್ಲರದೂ ಅಗೇಟ್ ಅನ್ನೋ ಸಣ್ಣಕ್ಷರದಲ್ಲೇ, ಅಂದ್ರೆ ಒಂದು ಅಂಗುಲದಲ್ಲಿ 14 ಸಾಲು. ದಪ್ಪಕ್ಷರ ಇಲ್ಲ, ಚಿತ್ರ ಇಲ್ಲ. ದುಡ್ಡಿದ್ದೋನು ದೊಡ್ಡಕ್ಷರ ಹಾಕಿಸಿದ್ರೆ ಬಡ ಅಂಗಡಿಯವನ ಸಾಲು ಕಾಣಲ್ಲ ಅಂತ ಕಾರಣ ಕೊಟ್ಟ. ಜಾಗಾನೂ ಉಳೀತು ಅನ್ನು. ಇನ್ನೊಂದು: ಜಾಹೀರಾತು ದಿನಾ ಹೊಸದಾಗಬೇಕು. ಆರು ಸೆಂಟಿನವರಲ್ಲಿ ಒಂದೇ ಜಾಹೀರಾತು ವರ್ಷಗಟ್ಟಲೆ ಮೊಳೆ ಸವೆಯೋವರೆಗೂ ಕೂತಿರೋದು. ಇವನಲ್ಲಿ ಅದೂ ಸುದ್ದಿ ಥರ ಓದಿಸ್ಕೊಳ್ತು."

"ಯಾರೂ ಸಂದು ಹುಡುಕಲಿಲ್ವಾ?"

"ಹುಡುಕದೇ ಇರ್ತಾರಾ! ರಾಬರ್ಟ್ ಬಾನರ್ ಅಂತ ವಾರಪತ್ರಿಕೆ ಒಡೆಯ. ದೊಡ್ಡಕ್ಷರ ಬೇಡ ತಾನೇ, ಸರಿ ಅಂತ ಒಂದೇ ವಾಕ್ಯಾನ ಅದೇ ಸಣ್ಣಕ್ಷರದಲ್ಲಿ ಮತ್ತೆ ಮತ್ತೆ ಜೋಡಿಸಿಸಿ ಅಂಕಣಗಟ್ಟಲೆ ತುಂಬಿಸಿದ. ನಿಯಮ ಮುರೀಲಿಲ್ಲ, ಕಣ್ಣಿಗೆ ಹೊಡೀತು. ಮೊಳೆ ಜೋಡಿಸಿದ ಕೈಗಳ ಗತಿ ನೆನೆಸ್ಕೊಂಡ್ರೆ ನನ್ನ ಬೆರಳು ನೋಯುತ್ತೆ."

"ಇಷ್ಟು ಹೊಗಳಬೇಡಿ" ಅಂತ ವಿಮಲಕ್ಕ ತಡೆದರು. "ಗುಲಾಮಗಿರಿ ವಿಷಯದಲ್ಲಿ ಅವನ ಪತ್ರಿಕೆ ದಕ್ಷಿಣದ ಒಡೆಯರ ಕಡೆ ವಾಲಿತ್ತು. 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆ ಮೇಲೆ ಗುಂಡು ಹಾರಿ ಅಂತರ್ಯುದ್ಧ ಶುರುವಾದ ಮೇಲೆ ಜನ ಹೆರಾಲ್ಡ್ ಕಟ್ಟಡ ಮುತ್ತಿ, ಒಕ್ಕೂಟದ, ಅಂದ್ರೆ ಉತ್ತರದವರ ಬಾವುಟ ಹಾರಿಸು ಅಂದರು. ಎಲ್ಲಿಂದಲೋ ತರಿಸಿ ಹಾರಿಸಿದ. ಬಾವುಟದ ಜೊತೆ ನಿಲುವೂ ತಿರುಗಿತು. 1865ರಲ್ಲಿ ಲಿಂಕನ್ ಫ್ರಾನ್ಸಿಗೆ ರಾಯಭಾರಿ ಮಾಡ್ತೀನಿ ಅಂದಾಗ ಮಾತ್ರ ಒಲ್ಲೆ ಅಂದ. 1872ರಲ್ಲಿ ತೀರಿಕೊಂಡ."

ಸುಬ್ಬು ನ್ಯಾಪ್‌ಕಿನ್ ತಿರುವಿ ಹಾಕಿದ. "ಕೊನೇ ಬಾಕಿ ಹೇಳಿ. ವೆಬ್ ಪತ್ರಿಕೆ?"

"1861ರಲ್ಲಿ ವರ್ಲ್ಡ್ ಪತ್ರಿಕೇಲಿ ಕರಗಿಹೋಯ್ತು."

"ಹೆರಾಲ್ಡ್?"

"1924ರಲ್ಲಿ ಟ್ರಿಬ್ಯೂನಿನವರು ಕೊಂಡ್ಕೊಂಡ್ರು, 50 ಲಕ್ಷ ಡಾಲರಿಗೆ. ಟ್ರಿಬ್ಯೂನ್ ಅಂದ್ರೆ ಹೊರೇಸ್ ಗ್ರೀಲಿ ಕಟ್ಟಿದ್ದು, ಬೆನೆಟ್ ಬದುಕಿರೋವರೆಗೂ ಕಚ್ಚಾಡಿದ್ದ ಗ್ರೀಲಿ. ಎರಡನ್ನೂ ಸೇರಿಸಿ ಒಂದೇ ಪತ್ರಿಕೆ ಮಾಡಿದ್ರು."

"ಕೊಂಡವರ ಹೆಸರು ಮೊದಲು ಇರಬೇಕಲ್ಲ?"

"ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್" ಅಂದರು ರಾಮಣ್ಣ, ಒಂದೊಂದೇ ಮೊಳೆ ಇಟ್ಟ ಹಾಗೆ.