ತಾರೆಯರ ನೇತ್ರದಾನ ಜನರ ನಡೆಯನ್ನು ನಿಜವಾಗಿಯೂ ಬದಲಿಸಿದೆಯೇ?

ಪ್ರಶ್ನೆ: ಕಾಲೇಜು ಅಧ್ಯಾಪಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಡಾ. ರಾಜ್‌ಕುಮಾರ್ ಅವರು 2006ರಲ್ಲಿ, ಪಾರ್ವತಮ್ಮನವರು 2017ರಲ್ಲಿ, ಪುನೀತ್ ಅವರು 2021ರಲ್ಲಿ ತೀರಿಕೊಂಡಾಗ ಮೂವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಪುನೀತ್ ಅವರ ನಿಧನದ ಬಳಿಕ ಅಭಿಮಾನಿ ಸಂಘಗಳು ಊರೂರುಗಳಲ್ಲಿ ನೇತ್ರದಾನದ ಶಿಬಿರ ನಡೆಸಿದವು. ನನ್ನ ವಿದ್ಯಾರ್ಥಿಗಳಲ್ಲೂ ಅನೇಕರು ಅರ್ಜಿ ತುಂಬಿದರು. ನಟರ ಕೇಶಶೈಲಿಯನ್ನೋ ಮಾತಿನ ಧಾಟಿಯನ್ನೋ ಅನುಕರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸಾವಿನ ಮನೆಯಲ್ಲಿ ಹಾಗಲ್ಲ, ಅಲ್ಲಿ ಹಿರಿಯರ ಮಾತು, ಶಾಸ್ತ್ರ, ಭಯ ಎಲ್ಲವೂ ಇರುತ್ತವೆ. ಒಬ್ಬ ನಟನ ಪ್ರಭಾವ ಅಲ್ಲಿಯವರೆಗೂ ತಲುಪುತ್ತದೆಯೇ, ಇಲ್ಲವೇ ಅರ್ಜಿ ತುಂಬಿದ ದಿನವೇ ಮುಗಿದುಹೋಗುತ್ತದೆಯೇ? ಹತ್ತಿರದಿಂದ ಕಂಡವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನೇತ್ರ ಬ್ಯಾಂಕೊಂದರಲ್ಲಿ ಕೆಲಸ ಮಾಡಿದವರು, ಬೆಂಗಳೂರು

ಮೇಡಂ, ತಾವು ಕೇಳಿರುವುದು ಸರಿಯಾದ ಜಾಗಕ್ಕೇ ಮುಟ್ಟುವ ಪ್ರಶ್ನೆ. ವ್ಯಕ್ತಿ ಬದುಕಿದ್ದಾಗ ಎಷ್ಟೇ ಅರ್ಜಿ ತುಂಬಿದ್ದರೂ, ಮರಣದ ನಂತರ ಮನೆಯವರು ಒಪ್ಪಿ ಫೋನ್ ಮಾಡದೆ ಕಣ್ಣು ಪಡೆಯಲು ಬರುವುದಿಲ್ಲ. ಅದೂ ಸುಮಾರು ಆರು ಗಂಟೆಗಳ ಒಳಗೆ ಆಗಬೇಕು. ನೋಂದಣಿ ಕಾರ್ಡನ್ನು ಬೀರುವಿನಲ್ಲಿಟ್ಟು ಮನೆಯಲ್ಲಿ ಯಾರಿಗೂ ಹೇಳದೆ ಹೋದವರ ಸಂಖ್ಯೆ ದೊಡ್ಡದು.

ಆದರೆ ರಾಜ್‌ಕುಮಾರ್ ಕುಟುಂಬದ ಪ್ರಭಾವ ಕೆಲಸ ಮಾಡಿದ್ದು ಅರ್ಜಿಗಿಂತ ಹೆಚ್ಚಾಗಿ ಇದೇ ಆರು ಗಂಟೆಗಳಲ್ಲಿ. ಅವರ ಹೆಸರಿನ ನೇತ್ರ ಬ್ಯಾಂಕ್ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ಆರಂಭವಾದಾಗ ಅಣ್ಣಾವ್ರು ತಮ್ಮ ಕಣ್ಣುಗಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದರು. ಹನ್ನೆರಡು ವರ್ಷಗಳ ನಂತರ ಮನೆಯವರು ಆ ಮಾತನ್ನು ನಡೆಸಿಕೊಟ್ಟರು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆಂದು ಅಳುತ್ತಲೇ ಅಡ್ಡಬರುವ ಅತ್ತೆಯೋ ದೊಡ್ಡಪ್ಪನೋ ಪ್ರತಿ ಮನೆಯಲ್ಲೂ ಇರುತ್ತಿದ್ದರು. ಅವರ ಮುಂದೆ ವೈದ್ಯರ ವಿವರಣೆ ನಿಲ್ಲುತ್ತಿರಲಿಲ್ಲ. "ಅಣ್ಣಾವ್ರೇ ಕೊಟ್ಟಿದ್ದಾರಲ್ಲ ದೊಡ್ಡಪ್ಪ" ಎಂದು ಮನೆಯ ಹುಡುಗನೊಬ್ಬ ಹೇಳಿದರೆ, ಒಪ್ಪಿಗೆ ತಕ್ಷಣ ಸಿಗದಿದ್ದರೂ, ಮಾತುಕತೆಗೆ ದಾರಿ ತೆರೆಯುತ್ತಿತ್ತು.

ಇನ್ನೊಂದು ಭಯವೆಂದರೆ ಮುಖ ವಿಕಾರವಾಗುತ್ತದೆ ಎಂಬುದು. ಪುನೀತ್ ಅವರ ಕಣ್ಣುಗಳನ್ನು ದಾನ ಮಾಡಿದ ನಂತರವೇ ಅವರ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಇಡಲಾಯಿತು. ಆ ಮುಖವನ್ನು ಲಕ್ಷಾಂತರ ಜನ ನೇರವಾಗಿ, ಉಳಿದವರು ಟಿವಿಯಲ್ಲಿ ನೋಡಿದರು. ನಾವು ಹಂಚುತ್ತಿದ್ದ ಯಾವ ಕರಪತ್ರವೂ ಅಷ್ಟು ಕೆಲಸ ಮಾಡಿರಲಿಲ್ಲ. ಮರುದಿನ ಅವರ ಎರಡು ಕಾರ್ನಿಯಾಗಳನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದರು. ಹೊರಪದರ ಹಾಳಾಗಿದ್ದ ಇಬ್ಬರಿಗೆ ಮುಂಭಾಗ, ಒಳಪದರದ ತೊಂದರೆಯಿದ್ದ ಇಬ್ಬರಿಗೆ ಹಿಂಭಾಗ. ಇಬ್ಬರಿಗಷ್ಟೇ ಉಪಯೋಗವೆಂದು ತಿಳಿದಿದ್ದ ಜನ ಆಮೇಲೆ ಇದನ್ನೇ ಕೇಳಿಕೊಂಡು ಬರುತ್ತಿದ್ದರು.

ಉತ್ತರ 2: ಮಂಡ್ಯದ ಓದುಗರು

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೂ ಅಭಿಮಾನವನ್ನು ಅಷ್ಟು ಸುಲಭವಾಗಿ ನಂಬಲು ನನಗೆ ಮನಸ್ಸಾಗುವುದಿಲ್ಲ. ಅಣ್ಣಾವ್ರು ಯಾರನ್ನು "ಅಭಿಮಾನಿ ದೇವರುಗಳು" ಎಂದು ಕರೆಯುತ್ತಿದ್ದರೋ ಅವರ ಹೆಸರಿನಲ್ಲೇ 2006ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಪ್ರಾಣಗಳೂ ಹೋದವು. ಕಣ್ಣು ಕೊಟ್ಟ ಮಹನೀಯರ ಅಂತಿಮಯಾತ್ರೆಯ ಹೊತ್ತಿನಲ್ಲಿಯೇ ಇದು ನಡೆಯಿತು. ಪುನೀತ್ ಅವರು ಹೃದಯಾಘಾತದಿಂದ 46ನೇ ವಯಸ್ಸಿನಲ್ಲಿ ಹೋದಾಗಲೂ ಅಷ್ಟೆ. ಎದೆಯುರಿ ಬಂದವರೆಲ್ಲ ಇಸಿಜಿ ಮಾಡಿಸಲು ಓಡಿ ಜಯದೇವ ಆಸ್ಪತ್ರೆಯಲ್ಲಿ ನೂಕುನುಗ್ಗಲಾಯಿತು. ಜಿಮ್‌ಗೆ ಹೋಗುವುದೇ ಅಪಾಯವೆಂಬ ಮಾತು ಮನೆಮನೆಗೂ ಹಬ್ಬಿತು. ಯಾವ ಕೈ ನೋಂದಣಿ ಅರ್ಜಿ ತುಂಬಿತೋ ಅದೇ ಕೈ ವಾಟ್ಸ್‌ಆ್ಯಪ್‌ನಲ್ಲಿ ಆ ಭಯವನ್ನೂ ಹಂಚಿತು. ತಾರೆಯ ಸುತ್ತ ಏನಿರುತ್ತದೋ ಅದೆಲ್ಲವೂ ಹರಡುತ್ತದೆ, ಒಳ್ಳೆಯದನ್ನಷ್ಟೇ ಆಯ್ದು ಹರಡಬೇಕೆಂದರೆ ಅಭಿಮಾನ ಕೇಳುವುದಿಲ್ಲ.

ಉತ್ತರ 3: ಗೃಹಿಣಿ, ದಾವಣಗೆರೆ

ನಮ್ಮ ಮಾವನವರು ತೀರಿಕೊಂಡಾಗ ನಾವು ನೇತ್ರದಾನ ಮಾಡಿದೆವು. ಅವರು ಅರ್ಜಿಯನ್ನೇ ತುಂಬಿರಲಿಲ್ಲ. ಮಾತು ಎತ್ತಿದ್ದು ನನ್ನ ಮೈದುನ. ಅಪ್ಪು ಅವರ ಕಟ್ಟಾ ಅಭಿಮಾನಿ, ಬೇರೆ ವಿಷಯಗಳಲ್ಲಿ ಮನೆಯಲ್ಲಿ ಯಾರೂ ಅವನ ಮಾತು ಕೇಳುವವರಲ್ಲ. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು, "ಸ್ನಾನ ಮಾಡಿಸೋಕೆ ಮುಂಚೆ ಮುಗೀಬೇಕು ನೋಡಪ್ಪ" ಎಂದಷ್ಟೇ ಹೇಳಿದರು. ಬಂದವರು ಬಾಗಿಲು ಹಾಕಿಕೊಂಡು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಕೆಲಸ ಮುಗಿಸಿದರು. ಮಂಡ್ಯದ ಸರ್ ಹೇಳಿದ ನೂಕುನುಗ್ಗಲು ನಮ್ಮೂರಲ್ಲೂ ಆಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಕೆಲವು ವಾರಗಳಲ್ಲಿ ಇಳಿಯಿತು. ಮೈದುನನಿಗೆ ಬಂದ ಆ ಧೈರ್ಯ ಮಾತ್ರ ಉಳಿದಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇದನ್ನು ಓದಿದ ಮೇಲೆ, ಮುಂದಿನ ಮಾರ್ಚ್ 17ಕ್ಕೆ, ಪುನೀತ್ ಅವರ ಹುಟ್ಟುಹಬ್ಬದಂದು, ಕಾಲೇಜಿನಲ್ಲಿ ಬರೀ ಅರ್ಜಿ ತುಂಬಿಸದೆ, ತುಂಬಿದವರು ತಂದೆತಾಯಿಯರೊಂದಿಗೆ ಮಾತನಾಡಿ ಅವರ ಸಹಿಯನ್ನೂ ತರಬೇಕೆಂದು ಹೇಳುವ ಯೋಚನೆಯಿದೆ. ಹೆಸರುಗಳ ಸಂಖ್ಯೆ ಇಳಿಯಬಹುದು. ಬೆಂಗಳೂರಿನ ಸರ್ ಅವರಲ್ಲಿ ಒಂದು ವಿಚಾರಣೆ: ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆ ಇರುವವರು ಕೊಡಬಹುದೇ? ಮನೆಯವರು ಏನು ಸಿದ್ಧತೆ ಮಾಡಬೇಕು?

ಉತ್ತರ 1ರವರು

ಧಾರಾಳವಾಗಿ ಕೊಡಬಹುದು ಮೇಡಂ. ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು, ವಯಸ್ಸಿನ ಅಡ್ಡಿಯೂ ಇಲ್ಲ. ಎಚ್‌ಐವಿ, ರೇಬೀಸ್, ಹೆಪಟೈಟಿಸ್‌ನಂತಹ ಸೋಂಕಿದ್ದರೆ ಕಸಿಗೆ ಬಳಸುವುದಿಲ್ಲ. ಮರಣವಾದ ಕೂಡಲೇ ರೆಪ್ಪೆಗಳನ್ನು ಮುಚ್ಚಿ ಒದ್ದೆ ಹತ್ತಿಯಿಡಬೇಕು, ತಲೆಯ ಕೆಳಗೆ ದಿಂಬಿಡಬೇಕು, ಫ್ಯಾನ್ ಆರಿಸಬೇಕು. ಸಹಿ ತರಿಸುವ ಯೋಚನೆ ಚೆನ್ನಾಗಿದೆ. ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಮುದ್ರಿಸಿ, ಒಂದು ಪ್ರತಿ ಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಅಂಟಿಸಲು ಹೇಳಿ.